ಮಕ್ಕಳ ಮಾತಿಗೆ ಕಿವಿಗೊಟ್ಟ ಊರು

ಜಿನೀವಾದ ಹಳೆಯ ಪೇಟೆ ಇರುವುದು ದಿಬ್ಬದ ಮೇಲೆ. ಸರೋವರದ ದಂಡೆಯ ಗಡಿಯಾರದಂಗಡಿಗಳ ಥಳಕನ್ನು ಕೆಳಗೇ ಬಿಟ್ಟು, ಕಲ್ಲು ಹಾಸಿದ ಏರುಬೀದಿ ಹತ್ತಿದರೆ ಊರಿನ ಆಡಳಿತ ಭವನ ಎದುರಾಗುತ್ತದೆ. ಒಳಗೆ ಮೆಟ್ಟಿಲುಗಳಿಲ್ಲದ, ಸುತ್ತಿ ಸುತ್ತಿ ಮೇಲೇರುವ ಒಂದು ಕಲ್ಲಿನ ಇಳಿಜಾರು ಹಾದಿಯಿದೆ. ಕುದುರೆಯಿಂದ ಇಳಿಯದೆಯೇ ಮೇಲಂತಸ್ತಿಗೆ ಹೋಗಬಹುದಿತ್ತಂತೆ. ಪ್ರವಾಸಿಗರೆಲ್ಲ ಅದರ ಫೋಟೊ ತೆಗೆಯುತ್ತಿದ್ದರು. ನನ್ನ ಕಣ್ಣು ಮಾತ್ರ ಬಾಗಿಲಾಚೆಯ ನೆಲದ ಮೇಲಿತ್ತು. 1762ರ ಜೂನ್ 19ರಂದು ಈ ಭವನದ ಮುಂದೆ ಎರಡು ಪುಸ್ತಕಗಳನ್ನು ಹರಿದು ಬೆಂಕಿಗೆ ಹಾಕಿದರು. ಆ ಕೆಲಸಕ್ಕೆ ನಿಂತವನು ಮರಣದಂಡನೆ ಜಾರಿಮಾಡುವ ಸರ್ಕಾರಿ ಆಳು. ಪುಸ್ತಕಗಳ ಹೆಸರು ‘ಎಮೀಲ್’ ಮತ್ತು ‘ಸಾಮಾಜಿಕ ಒಪ್ಪಂದ’. ಬರೆದವನು ಇದೇ ಊರಿನ ಗಡಿಯಾರ ಮಾಡುವವನ ಮಗ, ಜಾನ್ ಜಾಕ್ ರೂಸೊ.

ರೂಸೊ 1712ರಲ್ಲಿ ಹುಟ್ಟಿದ ಮನೆ ಅಲ್ಲಿಂದ ಕೂಗಳತೆಯ ದೂರದಲ್ಲಿ, ಗ್ರಾಂಡ್ ರ್‍ಯೂ ಬೀದಿಯ 40ನೇ ನಂಬರಿನಲ್ಲಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಜಿನೀವಾಕ್ಕೂ ಅನ್ವಯಿಸುತ್ತದೆ. ಬದುಕಿದ್ದಾಗ ಊರು ಅವನನ್ನು ಬಂಧಿಸಲು ಆಜ್ಞೆ ಹೊರಡಿಸಿತು. ಸತ್ತ ಮೇಲೆ ರೋನ್ ನದಿಯ ನಡುವಿನ ಪುಟ್ಟ ದ್ವೀಪದಲ್ಲಿ ಕಂಚಿನ ಪ್ರತಿಮೆ ಮಾಡಿ ಕೂರಿಸಿತು. ನನಗೆ ಬೆರಗಾದದ್ದು ಪ್ರತಿಮೆಯಿಂದಲ್ಲ. ಪುಸ್ತಕ ಸುಟ್ಟ ಜಾಗದಿಂದ ಎರಡು ಮೂರು ನಿಮಿಷ ನಡೆದರೆ, ಸೇಂಟ್ ಪಿಯರ್ ಇಗರ್ಜಿಯ ಮಗ್ಗುಲಲ್ಲಿ ತಾಕೊನ್ರಿ ಎಂಬ ಸಣ್ಣ ಚೌಕವಿದೆ. ಬೆಂಕಿ ಹಾಕಿದ ನೂರೈವತ್ತು ವರ್ಷಗಳ ನಂತರ, 1912ರ ಅಕ್ಟೋಬರ್‌ನಲ್ಲಿ, ಈ ಚೌಕದ ಒಂದು ಮನೆಯಲ್ಲಿ ಅವನದೇ ಹೆಸರಿಟ್ಟುಕೊಂಡು ಒಂದು ಸಂಸ್ಥೆ ಬಾಗಿಲು ತೆರೆಯಿತು. ಅದೇ ‘ಜಾನ್ ಜಾಕ್ ರೂಸೊ ಇನ್‌ಸ್ಟಿಟ್ಯೂಟ್’. ಸರ್ಕಾರದ್ದಲ್ಲ, ವಿಶ್ವವಿದ್ಯಾಲಯದ್ದಲ್ಲ, ಚರ್ಚಿನದೂ ಅಲ್ಲ. ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದನ್ನು ತಿಳಿಯಲೆಂದೇ ಕೆಲವರು ಖಾಸಗಿಯಾಗಿ ಕಟ್ಟಿಕೊಂಡ ಮನೆ.

ಅದನ್ನು ನೋಡುವುದಕ್ಕೆಂದೇ ನಾನು ಈ ದಿಬ್ಬ ಹತ್ತಿದ್ದು. ನೋಡುವುದಕ್ಕೆ ಅಲ್ಲಿ ಏನೂ ಇಲ್ಲ, ನಿಜ. ಬೂದುಗಲ್ಲಿನ ಗೋಡೆ, ಹಸಿರು ಕಿಟಕಿಬಾಗಿಲು, ಇಗರ್ಜಿಯ ನೆರಳು. ಆದರೂ ಬಿ.ಎಡ್. ಓದಿದ ಯಾವ ಕನ್ನಡದ ಮೇಷ್ಟ್ರೂ ಈ ಚೌಕದಲ್ಲಿ ಸುಮ್ಮನೆ ನಿಂತುಹೋಗುತ್ತಾರೆ. ನಮ್ಮ ಶೈಕ್ಷಣಿಕ ಮನೋವಿಜ್ಞಾನದ ಗೈಡುಗಳಲ್ಲಿ ಅರ್ಧ ಹೊರಟದ್ದು ಇಲ್ಲಿಂದಲೇ.

ಊರಿನ ಸ್ವಭಾವ ಒಂದಿಷ್ಟು ತಿಳಿಯದೆ ಆ ಸಂಸ್ಥೆಯ ಸ್ವಭಾವ ತಿಳಿಯುವುದಿಲ್ಲ. ಆಡಳಿತ ಭವನದ ಹಿಂಬದಿಯಲ್ಲಿ ತ್ರೇಯ್ ಎಂಬ ಕಟ್ಟೆಯಂಥ ವಿಹಾರತಾಣವಿದೆ. ಅಲ್ಲೊಂದು ಮರದ ಬೆಂಚು. ಒಂದೇ ಬೆಂಚು, ಉದ್ದ ಸುಮಾರು 120 ಮೀಟರ್. ಒಂದು ಮದುವೆ ದಿಬ್ಬಣವನ್ನೇ ಸಾಲಾಗಿ ಕೂರಿಸಬಹುದು. ಅದರ ಬಳಿ ಒಂದು ಚೆಸ್ಟ್‌ನಟ್ ಮರ. ಪ್ರತಿ ವರ್ಷ ಆ ಮರದ ಮೊದಲ ಎಲೆ ಬಿಚ್ಚಿಕೊಳ್ಳುವ ದಿನವನ್ನು ಶಾಸನಸಭೆಯ ಅಧಿಕಾರಿಯೇ ಬಂದು ನೋಡಿ ದಾಖಲಿಸಬೇಕು. ಅಂದೇ ವಸಂತ ಬಂದಿತೆಂದು ಅಧಿಕೃತ ಪ್ರಕಟಣೆ. ಈ ದಾಖಲೆ 1818ರಿಂದ ನಡೆದುಬಂದಿದೆ. ನಮ್ಮಲ್ಲಿ ಯುಗಾದಿಯನ್ನು ಪಂಚಾಂಗ ನೋಡಿ ಹೇಳುತ್ತಾರೆ; ಇಲ್ಲಿ ಮರವನ್ನೇ ಕೇಳುತ್ತಾರೆ. ಇಂಥ ಊರಿನಲ್ಲಿ ಯಾರಾದರೂ ಒಬ್ಬರು ಮಕ್ಕಳ ಮುಂದೆಯೂ ಪುಸ್ತಕ ಪೆನ್ಸಿಲು ಹಿಡಿದು ಕೂರುತ್ತಾರೆ ಎಂಬುದು ನಿಶ್ಚಿತವೇ ಆಗಿತ್ತೇನೋ.

ಕೂತವರಲ್ಲಿ ಮೊದಲಿಗ ಎದುವಾರ್ ಕ್ಲಪರೇದ್. 1873ರಲ್ಲಿ ಜಿನೀವಾದಲ್ಲೇ ಹುಟ್ಟಿದವನು, ವೈದ್ಯ ಓದಿದವನು, ಮನಸ್ಸಿನ ವಿಚಾರಕ್ಕೆ ಬಿದ್ದವನು. ಅವನ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ನೆನಪಿನ ಶಕ್ತಿಯನ್ನೇ ಕಳೆದುಕೊಂಡ ಒಬ್ಬ ರೋಗಿ ಹೆಂಗಸಿಗೆ ಅವನು ಪ್ರತಿ ದಿನವೂ ಹೊಸಬನೇ. ಒಂದು ದಿನ ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಅವಳ ಕೈ ಕುಲುಕಿದ. ಚುಚ್ಚಿದ್ದು ಕೆಲ ನಿಮಿಷಗಳಲ್ಲಿ ಅವಳಿಗೆ ಮರೆತುಹೋಯಿತು. ಆದರೆ ಮತ್ತೆ ಕೈ ನೀಡಿದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು, ಯಾಕೆಂದು ಹೇಳಲು ಮಾತ್ರ ತಿಳಿಯಲಿಲ್ಲ. ಮನಸ್ಸಿಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು. ಇವತ್ತಿನ ಸಂಶೋಧನಾ ನೀತಿಸಮಿತಿಗಳು ಆ ಸೂಜಿಯನ್ನು ಖಂಡಿತ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಕಲಿಕೆ ಎನ್ನುವುದು ಒಪ್ಪಿಸುವ ಪಾಠಕ್ಕಿಂತ ಆಳದ ಸಂಗತಿ ಎಂಬುದನ್ನಂತೂ ಅದು ತೋರಿಸಿಕೊಟ್ಟಿತು.

ಕ್ಲಪರೇದ್‌ಗೆ ಗುರು ಅವನ ಬಂಧುವೇ ಆದ ತಿಯೊದೋರ್ ಫ್ಲೂರ್ನ್ವಾ. 1892ರಲ್ಲಿ ಜಿನೀವಾ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ಕಟ್ಟಿದವನು. ಇವನ ವಿಚಾರಕ್ಕೆ ಬಂದಾಗ ನಾನು ದಾರಿ ಸ್ವಲ್ಪ ತಪ್ಪಲೇಬೇಕು, ಯಾಕೆಂದರೆ ದಾರಿ ನೇರವಾಗಿ ನಮ್ಮ ಕರಾವಳಿಗೆ ಬರುತ್ತದೆ. ಫ್ಲೂರ್ನ್ವಾ 1890ರ ದಶಕದಲ್ಲಿ ಒಬ್ಬ ಹೆಂಗಸಿನ ಮೈಮೇಲೆ ಬರುವ ಬೈಠಕ್ಕುಗಳಿಗೆ ಹೋಗಿ ಕೂರುತ್ತಿದ್ದ. ಜಿನೀವಾದ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ ಆಕೆಯನ್ನು ಅವನು ಪುಸ್ತಕದಲ್ಲಿ ಎಲೆನ್ ಸ್ಮಿತ್ ಎಂದು ಕರೆದಿದ್ದಾನೆ. ಆವೇಶದಲ್ಲಿ ಆಕೆ ಮಂಗಳಗ್ರಹದ ಭಾಷೆ ಆಡುತ್ತಿದ್ದಳು. ಇನ್ನೊಮ್ಮೆ ತಾನು ಹಿಂದಿನ ಜನ್ಮದಲ್ಲಿ ಸಿಮಂದಿನಿ ಎಂಬ ರಾಣಿ, ತನ್ನ ಗಂಡ ಸಿವ್ರೂಕ ನಾಯಕ, ಅವನು 1401ರಲ್ಲಿ ಕನರಾ ದೇಶದಲ್ಲಿ ಚಂದ್ರಗಿರಿ ಕೋಟೆ ಕಟ್ಟಿಸಿದ, ಅವನ ಚಿತೆಯಲ್ಲಿ ತಾನೂ ಸುಟ್ಟುಹೋದೆ ಎನ್ನುತ್ತಿದ್ದಳು. ಆ ಸಿವ್ರೂಕ ಈಗ ಮತ್ತೆ ಹುಟ್ಟಿಬಂದಿರುವುದು ಎದುರಿಗೆ ಕೂತಿರುವ ಪ್ರೊಫೆಸರ್ ಫ್ಲೂರ್ನ್ವಾ ರೂಪದಲ್ಲಿ ಎಂದೂ!

ಕನರಾ ಎಂದರೆ ನಮ್ಮ ಕೆನರಾ. ಚಂದ್ರಗಿರಿ ಕೋಟೆ ಕಾಸರಗೋಡಿನ ಹತ್ತಿರ ಪಯಸ್ವಿನಿ ಹೊಳೆಯ ದಡದಲ್ಲಿ ಇವತ್ತಿಗೂ ನಿಂತಿದೆ. ಅದನ್ನು ಕಟ್ಟಿಸಿದ ಕೀರ್ತಿ ಹದಿನೇಳನೆಯ ಶತಮಾನದ ಕೆಳದಿಯ ಶಿವಪ್ಪನಾಯಕನದು. ಸಿವ್ರೂಕ ನಾಯಕ ಯಾರಿರಬಹುದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫ್ಲೂರ್ನ್ವಾ ನಗಲಿಲ್ಲ, ನಂಬಲೂ ಇಲ್ಲ. ಹುಡುಕಿದ. 1828ರಲ್ಲಿ ಮಾರ್ಲೆ ಎಂಬವನು ಫ್ರೆಂಚಿನಲ್ಲಿ ಬರೆದ ಭಾರತದ ಇತಿಹಾಸದಲ್ಲಿ ಅದೇ ಕೋಟೆ, ಅದೇ ಹೆಸರು, ಅದೇ 1401 ಸಿಕ್ಕಿದವು. ಆ ಪುಸ್ತಕದ ಪ್ರತಿಗಳು ಜಿನೀವಾದ ಗ್ರಂಥಾಲಯಗಳಲ್ಲೇ ದೂಳು ತಿನ್ನುತ್ತಿದ್ದವು. ಆಕೆಯ ‘ಸಂಸ್ಕೃತ’ವನ್ನು ಪರೀಕ್ಷಿಸಲು ಅವನು ಕರೆದದ್ದು ಯಾರನ್ನು? ಮುಂದೆ ಆಧುನಿಕ ಭಾಷಾವಿಜ್ಞಾನದ ಪಿತಾಮಹ ಎನಿಸಿಕೊಂಡ ಫರ್ದಿನಾನ್ ದ ಸೊಸ್ಸೂರನನ್ನು. ಎಂದೋ ಕಣ್ಣಿಗೆ ಬಿದ್ದು ಮರೆತುಹೋದ ಓದು ಮನಸ್ಸಿನ ತಳದಲ್ಲಿ ಕೂತು, ಹೊಸ ವೇಷ ಹಾಕಿಕೊಂಡು ಎದ್ದುಬರುತ್ತದೆ ಎಂಬ ತೀರ್ಮಾನಕ್ಕೆ ಫ್ಲೂರ್ನ್ವಾ ಬಂದ. ಕ್ಲಪರೇದ್ ಬೆಳೆದದ್ದು ಈ ಗರಡಿಯಲ್ಲಿ. ಎದುರಿನವರು ಏನೇ ಹೇಳಲಿ, ಮೊದಲು ಪೂರ್ತಿ ಕೇಳಿಸಿಕೋ, ಅಪಹಾಸ್ಯ ಮಾಡಬೇಡ, ಆಮೇಲೆ ಅದು ಎಲ್ಲಿಂದ ಬಂತೆಂದು ಹುಡುಕು. ಇದೇ ಶಿಸ್ತನ್ನು ಮಕ್ಕಳ ಕಡೆಗೆ ತಿರುಗಿಸಿದರೆ ಏನಾಗುತ್ತದೋ ಅದೇ ರೂಸೊ ಇನ್‌ಸ್ಟಿಟ್ಯೂಟ್.

ಕ್ಲಪರೇದ್ 1905ರಲ್ಲೇ ಮಕ್ಕಳ ಮನೋವಿಜ್ಞಾನದ ಬಗ್ಗೆ ಪುಸ್ತಕ ಬರೆದಿದ್ದ. ಪ್ರಯೋಗಾಲಯದಲ್ಲಿ ಶಿಕ್ಷಕರಿಗಾಗಿ ತರಗತಿಯನ್ನೂ ನಡೆಸಿದ್ದ. ಅವನ ವಾದ ಸರಳ: ಕಾಲಿನ ಅಳತೆ ತೆಗೆಯದೆ ಚಮ್ಮಾರ ಬೂಟು ಹೊಲಿಯುವುದಿಲ್ಲ, ಮನಸ್ಸಿನ ಅಳತೆ ತೆಗೆಯದೆ ಮಾತ್ರ ನಾವು ಶಾಲೆ ಕಟ್ಟುತ್ತೇವೆ. ಆದರೆ ಅಂದಿನ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣಶಾಸ್ತ್ರ ಎಂದರೆ ಮಹನೀಯರ ತತ್ತ್ವಗಳ ಮೇಲೆ ಉಪನ್ಯಾಸ. ಮಗುವಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ ಅವನು ಹೊರಗೆ ಮನೆ ಮಾಡಿದ. ನಿರ್ದೇಶಕನಾಗಿ ನೌಶಾತೆಲ್‌ನಿಂದ ಪಿಯರ್ ಬೊವೆ ಎಂಬ ಮೂವತ್ತನಾಲ್ಕರ ತತ್ತ್ವಶಾಸ್ತ್ರದ ಅಧ್ಯಾಪಕ ಬಂದ. ಸಂಸ್ಥೆಗೆ ನಾಲ್ಕು ಕೆಲಸ ಎಂದು ಕ್ಲಪರೇದ್ ಬರೆದಿಟ್ಟ: ಕಲಿಸುವುದು, ಸಂಶೋಧಿಸುವುದು, ಮಾಹಿತಿ ಕೂಡಿಡುವುದು, ಹೊಸ ವಿಚಾರವನ್ನು ಹರಡುವುದು. ಲ್ಯಾಟಿನ್‌ನಲ್ಲಿ ಒಂದು ಧ್ಯೇಯವಾಕ್ಯವನ್ನೂ ಇಟ್ಟುಕೊಂಡರು: ಗುರು ಮಗುವಿನಿಂದ ಕಲಿಯಲಿ.

ಕಾಲ್ವಿನ್ 1559ರಲ್ಲಿ ಕಟ್ಟಿದ ಶಾಲೆ ಇನ್ನೂ ನಡೆಯುತ್ತಿರುವ ಊರು ಇದು. ಗುರು ಶಿಷ್ಯರ ಸಂಬಂಧದ ಬಗ್ಗೆ ಅಲ್ಲಿ ಮುನ್ನೂರೈವತ್ತು ವರ್ಷಗಳ ಖಚಿತ ಅಭಿಪ್ರಾಯವಿತ್ತು. ಅಂಥ ಕಡೆ ಈ ಧ್ಯೇಯವಾಕ್ಯ ಹೊತ್ತು, ಅದೂ ಸ್ವಂತ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟ ರೂಸೊನ ಹೆಸರಿಟ್ಟುಕೊಂಡು ಬಂದವರನ್ನು ಹಳಬರು ಹೇಗೆ ನೋಡಿರಬೇಕು! ಸ್ವತಂತ್ರವಾಗಿದ್ದದ್ದರ ಸುಖ ಏನೆಂದರೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಕಷ್ಟ ಏನೆಂದರೆ ಯಾರ ದುಡ್ಡೂ ಬರುತ್ತಿರಲಿಲ್ಲ. ವಿದ್ಯಾರ್ಥಿಗಳ ಶುಲ್ಕ, ಹಿತೈಷಿಗಳ ಕೊಡುಗೆ, ಕ್ಲಪರೇದ್‌ನ ಸ್ವಂತ ಹಣ. ಇಷ್ಟರಲ್ಲೇ ಸಂಸಾರ ಸಾಗಬೇಕಿತ್ತು.

ಆ ಸಂಸ್ಥೆಯ ಮೆಟ್ಟಿಲು ಹತ್ತಿ ಇಳಿದವರ ಪಟ್ಟಿ ಮಾಡಿದರೆ ಒಂದು ಕಾದಂಬರಿಗಾಗುತ್ತದೆ. ಅದೊಲ್ಫ್ ಫೆರಿಯೇರ್ ಎಂಬವನು ಇಪ್ಪತ್ತರ ಹೊತ್ತಿಗೇ ಕಿವುಡನಾದವನು. ಹೊಸ ಬಗೆಯ ಶಾಲೆಗಳಿಗಾಗಿ ಜೀವ ಸವೆಸಿದ. 1918ರಲ್ಲಿ ಅವನ ಮನೆಗೆ ಬೆಂಕಿ ಬಿದ್ದು ಪುಸ್ತಕ, ಕಾಗದಪತ್ರ ಎಲ್ಲ ಬೂದಿಯಾದವು, ಮತ್ತೆ ಮೊದಲಿನಿಂದ ಬರೆಯತೊಡಗಿದ. ರಷ್ಯಾದ ಸಬೀನಾ ಶ್ಪೀಲ್ರೈನ್, ಯೂಂಗ್ ಮತ್ತು ಫ್ರಾಯ್ಡ್ ಇಬ್ಬರ ಜೊತೆಗೂ ಕೆಲಸ ಮಾಡಿ ಇಲ್ಲಿಗೆ ಬಂದವಳು. 1923ರಲ್ಲಿ ತಾಯ್ನಾಡಿಗೆ ಮರಳಿದಳು. 1942ರಲ್ಲಿ ರೊಸ್ತೋವ್ ನಗರದಲ್ಲಿ ನಾಜಿಗಳು ಅವಳನ್ನು ಕೊಂದರು. ಜಿನೀವಾದಲ್ಲಿದ್ದಾಗ ಅವಳು ಮನೋವಿಶ್ಲೇಷಣೆಗೆ ಒಳಪಡಿಸಿದವರಲ್ಲಿ, ಆಗಷ್ಟೇ ಸಂಸ್ಥೆಗೆ ಸೇರಿದ್ದ ಒಬ್ಬ ಇಪ್ಪತ್ತೈದರ ತರುಣನೂ ಇದ್ದ. ಅವನೇ ಜಾನ್ ಪಿಯಾಜೆ.

ಪಿಯಾಜೆ ಹುಟ್ಟಿದ್ದು ನೌಶಾತೆಲ್‌ನಲ್ಲಿ, 1896ರಲ್ಲಿ. ಹುಡುಗನಾಗಿದ್ದಾಗಲೇ ಬಿಳಿ ಗುಬ್ಬಚ್ಚಿಯೊಂದನ್ನು ಕಂಡು ಪುಟ್ಟ ಟಿಪ್ಪಣಿ ಅಚ್ಚು ಹಾಕಿಸಿದವನು, ಆಮೇಲೆ ಕೆರೆಯ ಶಂಖದ ಹುಳುಗಳ ಬೆನ್ನು ಬಿದ್ದವನು. ಪ್ಯಾರಿಸ್ಸಿನಲ್ಲಿ ಮಕ್ಕಳಿಗೆ ಬುದ್ಧಿಪರೀಕ್ಷೆ ನಡೆಸುವ ಕೆಲಸ ಸಿಕ್ಕಿತು. ಸರಿಯುತ್ತರ ಎಷ್ಟು ಎಂದು ಎಣಿಸುವುದು ಅವನ ಪಾಲಿನ ಕೆಲಸ. ಅವನಿಗೆ ರುಚಿ ಹತ್ತಿದ್ದು ತಪ್ಪುತ್ತರದಲ್ಲಿ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಾರಲ್ಲ, ಯಾಕೆ? 1921ರಲ್ಲಿ ಕ್ಲಪರೇದ್ ಅವನನ್ನು ಕರೆಸಿಕೊಂಡು, ಸಂಶೋಧನೆಯ ಮೇಲ್ವಿಚಾರಣೆ ಕೊಟ್ಟು, ಇಷ್ಟಬಂದದ್ದು ಮಾಡು ಎಂದು ಬಿಟ್ಟುಬಿಟ್ಟ. ಕೈಯಲ್ಲಿ ಕಾಸಿಲ್ಲದ ಒಂದು ಖಾಸಗಿ ಸಂಸ್ಥೆ ಕೊಡಬಹುದಾಗಿದ್ದ ಅತಿ ದೊಡ್ಡ ಸಂಬಳ ಅದು.

ಇಷ್ಟಬಂದದ್ದು ಮಾಡಲು ಜಾಗವೂ ಸಿದ್ಧವಿತ್ತು. 1913ರಲ್ಲೇ ಸಂಸ್ಥೆ ‘ಮೆಝೋ ದೆ ಪೆತಿ’, ಅಂದರೆ ಪುಟಾಣಿಗಳ ಮನೆ ಎಂಬ ಶಾಲೆ ತೆರೆದಿತ್ತು. ಮೀನಾ ಒದೆಮಾರ್ ಮತ್ತು ಲೂಯಿಸ್ ಲಫೆಂದೆಲ್ ಎಂಬ ಇಬ್ಬರು ಶಿಕ್ಷಕಿಯರದೇ ಅಲ್ಲಿ ಯಜಮಾನಿಕೆ. ಮಕ್ಕಳು ಮರದ ತುಂಡು ಜೋಡಿಸುತ್ತ, ಚಿತ್ರ ಬರೆಯುತ್ತ, ತಮ್ಮಿಷ್ಟಕ್ಕೆ ಮಾತಾಡುತ್ತ ಓಡಾಡಿಕೊಂಡಿರಬಹುದಿತ್ತು. ಈ ಸ್ವಾತಂತ್ರ್ಯ ಇಲ್ಲದಿದ್ದರೆ ಪಿಯಾಜೆಗೆ ಕೇಳಿಸಿಕೊಳ್ಳಲು ಏನು ಸಿಗುತ್ತಿತ್ತು? ಕೈಕಟ್ಟಿ ಕೂತ ತರಗತಿಯಲ್ಲಿ ಹುಡುಕಿದರೆ ಸಿಗುವುದು ಮೌನ ಮತ್ತು ಸರಿಯುತ್ತರ, ಎರಡೇ. ಪಿಯಾಜೆಯ ಹೆಸರು ಪಠ್ಯಪುಸ್ತಕದಲ್ಲಿ ದಪ್ಪಕ್ಷರದಲ್ಲಿದೆ. ಆ ಇಬ್ಬರು ಹೆಂಗಸರ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆ ಪುಟಾಣಿಗಳ ಮನೆಯಲ್ಲಿ ಪಿಯಾಜೆ ಮತ್ತು ಅವನ ಸಂಗಡಿಗರು ಲೆವ್ ಮತ್ತು ಪಿ ಎಂದು ಗುರುತಿಸಲಾದ ಆರು ವರ್ಷದ ಇಬ್ಬರು ಮಕ್ಕಳ ಪಕ್ಕದಲ್ಲಿ ಸುಮಾರು ಒಂದು ತಿಂಗಳು ಬೆಳಗಿನ ಹೊತ್ತು ಕೂತು, ಅವರ ಬಾಯಿಂದ ಬಂದ ಒಂದೊಂದು ಮಾತನ್ನೂ ಬರೆದುಕೊಂಡರು. ಯಾರಿಗೆ ಹೇಳಿದ್ದು, ಯಾಕೆ ಹೇಳಿದ್ದು ಎಂದು ವಿಂಗಡಿಸಿದರು. ಅರ್ಧಕ್ಕೆ ತುಸು ಕಡಿಮೆ ಮಾತುಗಳು ಯಾರನ್ನೂ ಉದ್ದೇಶಿಸಿದ್ದಲ್ಲ! ಮಗು ತನಗೆ ತಾನೇ ಆಡಿಕೊಂಡದ್ದು, ಇಲ್ಲವೇ ಇನ್ನೊಬ್ಬರು ಕೇಳುತ್ತಿದ್ದಾರೋ ಇಲ್ಲವೋ ಎಂಬ ಗೊಡವೆಯಿಲ್ಲದೆ ಆಡಿದ್ದು. 1923ರಲ್ಲಿ ಇದು ಪುಸ್ತಕವಾಗಿ ಬಂದಾಗ ಪಿಯಾಜೆಗೆ ಇಪ್ಪತ್ತೇಳು ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. ರಷ್ಯಾದಲ್ಲಿ ವಿಗೋಟ್ಸ್ಕಿ ಅದನ್ನು ಓದಿ, ಹಾಗಲ್ಲ, ಮಗು ತನ್ನೊಡನೆ ಆಡುವ ಮಾತೇ ಮುಂದೆ ಒಳಗಿಳಿದು ಯೋಚನೆಯಾಗುತ್ತದೆ ಎಂದು ವಾದ ಹೂಡಿದ. ಇಬ್ಬರು ಮಕ್ಕಳ ಒಂದು ತಿಂಗಳ ಹರಟೆಯ ಮೇಲೆ ಎದ್ದ ವಾದ ನೂರು ವರ್ಷವಾದರೂ ಮುಗಿದಿಲ್ಲ.

ತ್ರೇಯ್‌ನ ಆ ಉದ್ದ ಬೆಂಚಿನಲ್ಲಿ ಕೂತರೆ ಎದುರಿಗೆ ದಕ್ಷಿಣದಲ್ಲಿ ಸಲೇವ್ ಬೆಟ್ಟ ಗೋಡೆಯಂತೆ ಅಡ್ಡ ನಿಂತಿರುತ್ತದೆ. ಬೆಟ್ಟ ಇರುವುದು ಫ್ರಾನ್ಸಿನಲ್ಲಿ, ನೋಟ ಮಾತ್ರ ಜಿನೀವಾದವರದು. ಅದರಲ್ಲಿ ಹಿರಿ ಸಲೇವ್, ಕಿರಿ ಸಲೇವ್ ಎಂದು ಎರಡು. ಯಾಕೆ ಎರಡು ಎಂದು ಪಿಯಾಜೆ ಮಕ್ಕಳನ್ನು ಕೇಳಿದ್ದಾನೆ. ದೊಡ್ಡದು ದೂರ ನಡೆಯುವವರಿಗೆ, ಚಿಕ್ಕದು ಸ್ವಲ್ಪ ನಡೆಯುವವರಿಗೆ ಎಂಬ ಅರ್ಥದ ಉತ್ತರ ಬಂದಿದೆ. ಭೂವಿಜ್ಞಾನಿಗೆ ನಗು ಬರಬಹುದು. ಆ ಬೆಂಚಿನಲ್ಲಿ ಕೂತು ನೋಡುವಾಗ ನನಗೆ ಬೇರೆ ಯಾವ ಉತ್ತರವೂ ಇಷ್ಟು ಸಮಂಜಸವಾಗಿ ಕಾಣಲಿಲ್ಲ. ಗಾಳಿ ಎಲ್ಲಿಂದ ಬರುತ್ತದೆ, ಕನಸು ಎಲ್ಲಿರುತ್ತದೆ, ನಡೆದರೆ ಚಂದಿರನೂ ಹಿಂದೆ ಬರುತ್ತಾನಲ್ಲ, ಅವನಿಗೆ ನಾವು ಹೋಗುವುದು ಗೊತ್ತೇ. ಹೀಗೆ ಪುಟಗಟ್ಟಲೆ ಪ್ರಶ್ನೆಗಳು. ಚಂದಿರ ಹಿಂಬಾಲಿಸುವುದನ್ನು ಜಿನೀವಾದ ಮಕ್ಕಳೂ ಕಂಡಿದ್ದರು ಎಂಬುದೇ ನನಗೆ ಒಂದು ಬಂಧುತ್ವದಂತೆ ತೋರಿತು.

ಆದರೆ ನನ್ನನ್ನು ಕೇಳಿದರೆ, ಆ ಸಂಸ್ಥೆಯಿಂದ ಬಂದ ಅತ್ಯಂತ ಸೊಗಸಾದ ಸಂಶೋಧನೆ ಗೋಲಿಯಾಟದ್ದು. 1932ರಲ್ಲಿ ಬಂದ, ಮಕ್ಕಳ ನ್ಯಾಯಾನ್ಯಾಯದ ತಿಳಿವಳಿಕೆಯ ಕುರಿತ ಪುಸ್ತಕದ ಮೊದಲ ಅಧ್ಯಾಯದ ಬಹುಭಾಗ ಗೋಲಿ. ಜಿನೀವಾ ಮತ್ತು ನೌಶಾತೆಲ್‌ನ ಹುಡುಗರ ಮುಂದೆ ಗೋಲಿ ಸುರಿದು, ನನಗೆ ಆಟ ಮರೆತುಹೋಗಿದೆ, ಕಲಿಸಿಕೊಡು ಎಂದು ಕೂರುವುದು. ಧ್ಯೇಯವಾಕ್ಯವನ್ನು ಇದಕ್ಕಿಂತ ಅಕ್ಷರಶಃ ಪಾಲಿಸುವುದು ಹೇಗೆ? ನೆಲದ ಮೇಲೆ ಚೌಕ ಎಳೆದು, ಒಳಗಿನ ಗೋಲಿಗೆ ಗುರಿಯಿಟ್ಟು ಹೊಡೆದು ಹೊರಗೆ ಹಾರಿಸಬೇಕು. ಎಲ್ಲಿಂದ ಹೊಡೆಯಬೇಕು, ಕೈ ಮುಂದೆ ಚಾಚಬಹುದೇ, ತಾಗಿ ಒಳಗೇ ಉಳಿದರೆ ಏನು, ಒಂದೊಂದಕ್ಕೂ ಕಾಯಿದೆ. ನಮ್ಮ ಗುಳಿಗೋಲಿ ಆಡಿದವರಿಗೆ ಈ ವ್ಯಾಜ್ಯಗಳೆಲ್ಲ ಗೊತ್ತು. ಸಣ್ಣ ಮಕ್ಕಳು ಪಕ್ಕಪಕ್ಕದಲ್ಲಿ ಕೂತು ತಮತಮಗೆ ತೋಚಿದಂತೆ ಆಡುತ್ತಿದ್ದರು, ಇಬ್ಬರೂ ಗೆಲ್ಲುತ್ತಿದ್ದರು. ಆದರೆ ನಿಯಮ ಬದಲಿಸಬಹುದೇ ಎಂದು ಕೇಳಿದರೆ ಕೂಡದು ಎನ್ನುತ್ತಿದ್ದರು. ನಿಯಮ ಮಾಡಿದವರು ಯಾರು? ಅಪ್ಪ, ಊರಿನ ಹಿರಿಯ ಅಧಿಕಾರಿಗಳು, ದೇವರು. ಹತ್ತು ದಾಟಿದ ಹುಡುಗರದು ತಿರುಗುಮುರುಗು. ಅವರು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು, ಆದರೆ ಎಲ್ಲರೂ ಒಪ್ಪಿದರೆ ಬದಲಿಸಬಹುದು ಎನ್ನುತ್ತಿದ್ದರು. ಕಾನೂನೆಂದರೆ ಮೇಲಿನಿಂದ ಬಂದದ್ದು ಎಂಬಲ್ಲಿಂದ, ನಾವು ಕೂಡಿ ಮಾಡಿಕೊಂಡದ್ದು ಎಂಬಲ್ಲಿಗೆ ಮಕ್ಕಳು ಬರುವುದು ದೊಡ್ಡವರ ಉಪದೇಶದಿಂದಲ್ಲ, ಸರಿಸಮಾನರ ಜೊತೆ ಜಗಳವಾಡಿ. ಒಪ್ಪಂದದ ಮೇಲೆ ಸಮಾಜ ನಿಂತಿದೆ ಎಂದ ಪುಸ್ತಕವನ್ನು ಸುಟ್ಟ ಊರಿನಲ್ಲಿ, ಅದೇ ಮಾತಿಗೆ ಗೋಲಿಯಾಡುವ ಹುಡುಗರು ಸಾಕ್ಷಿ ನುಡಿದಿದ್ದರು.

ಇದನ್ನೆಲ್ಲ ನಾನು ಓದಿದ್ದು ಪರೀಕ್ಷೆ ಮುಗಿಸಿ ಎಷ್ಟೋ ವರ್ಷಗಳ ಮೇಲೆ. ನಮ್ಮ ಶಿಕ್ಷಕರ ತರಬೇತಿಯಲ್ಲಿ ಪಿಯಾಜೆ ಎಂದರೆ ನಾಲ್ಕು ಹಂತ: ಸಂವೇದನಾ ಗತಿ, ಪೂರ್ವ ಕಾರ್ಯಾಚರಣೆ, ಮೂರ್ತ ಕಾರ್ಯಾಚರಣೆ, ಔಪಚಾರಿಕ ಕಾರ್ಯಾಚರಣೆ. ಎದುರಿಗೆ ವಯಸ್ಸು. ಟಿಇಟಿ ಬರೆಯುವವರು ಇದನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆ. ಒಂದು ಮಗುವಿನ ಪಕ್ಕ ಅರ್ಧ ಗಂಟೆ ಕೂತು ಅದರ ಮಾತು ಬರೆದುಕೊಂಡು ಬನ್ನಿ ಎಂದು ನನಗಂತೂ ಯಾರೂ ಹೇಳಲಿಲ್ಲ. ಫಲ ಹಡಗು ಹತ್ತಿ ನಮ್ಮಲ್ಲಿಗೆ ಬಂತು, ಬೀಜ ಅಲ್ಲೇ ಉಳಿಯಿತು.

ಆ ಕಾಲದಲ್ಲಿ ಇಂಥ ಸ್ವತಂತ್ರ ಸಂಸ್ಥೆಗಳು ಬೇರೆ ಕಡೆಗಳಲ್ಲೂ ಎದ್ದವು, ಬೇರೆ ದಾರಿ ಹಿಡಿದವು. ಸ್ಕಾಟ್ಲೆಂಡಿನಲ್ಲಿ 1928ರಲ್ಲಿ ಶಿಕ್ಷಕರ ಸಂಘವೇ ಮುಂದೆ ನಿಂತು ಸಂಶೋಧನಾ ಮಂಡಳಿ ಕಟ್ಟಿತು. ಅದು 1932ರ ಜೂನ್ 1ರಂದು, 1921ರಲ್ಲಿ ಹುಟ್ಟಿದ 87,498 ಮಕ್ಕಳನ್ನು ದೇಶದಾದ್ಯಂತ ಒಂದೇ ದಿನ ಪರೀಕ್ಷೆಗೆ ಕೂರಿಸಿತು. ಗೋಲಿಯ ಪುಸ್ತಕ ಬಂದದ್ದೂ ಅದೇ ವರ್ಷ! ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅಮೆರಿಕದ ಕಾರ್ನೆಗಿ ಹಣದಿಂದ 1930ರ ದಶಕದಲ್ಲಿ ಮಂಡಳಿಗಳಾದವು. ನಮ್ಮಲ್ಲಿ 1948ರಲ್ಲಿ ಮುಂಬೈಯಲ್ಲಿ ಜೆ.ಪಿ. ನಾಯಕ್ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್ ಆರಂಭಿಸಿದರು. ಅದು ಆಮೇಲೆ ಪುಣೆಗೆ ಹೋಯಿತು. ನಾಯಕರು 1930ರ ದಶಕದಲ್ಲಿ ಧಾರವಾಡದ ಪಕ್ಕದ ಉಪ್ಪಿನ ಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿಕೊಂಡಿದ್ದವರು. ಹಳ್ಳಿಯ ಅನುಭವದಿಂದ ಹೊರಟು ಸಂಶೋಧನಾ ಸಂಸ್ಥೆಗೆ ತಲುಪಿದ ಆ ದಾರಿಯ ಬಗ್ಗೆ ಬೇರೆಯೇ ಬರೆಯಬೇಕು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುವಂತೆ ಮಧ್ಯಾಹ್ನ ಸರೋವರಕ್ಕೆ ಇಳಿದೆ. 140 ಮೀಟರ್ ಚಿಮ್ಮುವ ಕಾರಂಜಿಯನ್ನು ಬಲಕ್ಕಿಟ್ಟುಕೊಂಡು ಉತ್ತರ ದಂಡೆಯಲ್ಲಿ ನಡೆದರೆ ಪಾಲೆ ವಿಲ್ಸನ್ ಎಂಬ ಭಾರೀ ಕಟ್ಟಡ. 1875ರಲ್ಲಿ ಮುಗಿದಾಗ ಇದು ಹೋಟೆಲು. 1920ರಿಂದ 1936ರವರೆಗೆ ರಾಷ್ಟ್ರಗಳ ಒಕ್ಕೂಟದ ಕಚೇರಿ. ನಾನು ಹೋದಾಗ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿ ಇಲ್ಲಿತ್ತು. ಗೇಟಿನಾಚೆ ನಮ್ಮಂಥವರಿಗೆ ಪ್ರವೇಶವಿರಲಿಲ್ಲ. ನಡುವೆ, 1937ರಲ್ಲಿ, ರೂಸೊ ಇನ್‌ಸ್ಟಿಟ್ಯೂಟೂ ಅದರ ಕೂಸಾದ ಅಂತಾರಾಷ್ಟ್ರೀಯ ಶಿಕ್ಷಣ ಬ್ಯೂರೊವೂ ಇಲ್ಲಿಗೆ ಬಂದವು. ಆ ಬ್ಯೂರೊ ಹುಟ್ಟಿದ್ದು 1925ರ ಡಿಸೆಂಬರ್‌ನಲ್ಲಿ. 1929ರಲ್ಲಿ ಪಿಯಾಜೆ ಅದರ ನಿರ್ದೇಶಕನಾದ. ಅದೇ ವರ್ಷ ಅದು ಖಾಸಗಿ ಚಹರೆ ಕಳಚಿ, ಸರ್ಕಾರಗಳು ಸದಸ್ಯರಾಗುವ ಸಂಸ್ಥೆಯಾಯಿತು. ಮೊದಲು ಸಹಿ ಹಾಕಿದ ದೇಶಗಳು ಯಾವುವೆಂದರೆ ಪೋಲೆಂಡ್ ಮತ್ತು ಈಕ್ವೆಡಾರ್! ದೊಡ್ಡ ದೇಶಗಳು ಬರಲಿ ಎಂದು ಕಾದಿದ್ದರೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಶಿಕ್ಷಣದ ಸಮ್ಮೇಳನ ನಡೆಸುವಂತಿರಲಿಲ್ಲ. ಬ್ಯೂರೊ ಆಗ ಯುದ್ಧಕೈದಿಗಳ ಶಿಬಿರಗಳಿಗೆ ಲಕ್ಷಗಟ್ಟಲೆ ಪುಸ್ತಕ ಕಳಿಸಿತು. ಮುಳ್ಳುತಂತಿಯ ಒಳಗೆ ಬೀಜಗಣಿತ, ವ್ಯಾಕರಣ, ಕಾನೂನಿನ ಪುಸ್ತಕ ಬಿಚ್ಚಿ ಕೂತ ಸೈನಿಕರನ್ನು ಊಹಿಸಿಕೊಳ್ಳುತ್ತ ಗೇಟಿನೆದುರು ನಿಂತಿದ್ದೆ. ಇಲ್ಲಿ ನಿಲ್ಲುವಂತಿಲ್ಲ ಎಂದು ಪಹರೆಯವನು ಸೌಜನ್ಯದಿಂದಲೇ ಸನ್ನೆ ಮಾಡಿದ.

ಸ್ವತಂತ್ರ ಸಂಸ್ಥೆಯ ಮುಂದಿನ ಕಥೆ ಬಹುಮಟ್ಟಿಗೆ ಊಹಿಸಬಹುದಾದದ್ದೇ. ಹಣ ಸಾಲಲಿಲ್ಲ. 1929ರಲ್ಲಿ ವಿಶ್ವವಿದ್ಯಾಲಯದ ಕಲಾವಿಭಾಗಕ್ಕೆ ಅರೆಬರೆ ಅಂಟಿಕೊಂಡಿತು, 1948ರಲ್ಲಿ ಪೂರ್ತಿ ಒಳಗೆ ಹೋಯಿತು, 1975ರಲ್ಲಿ ಮನೋವಿಜ್ಞಾನ ಮತ್ತು ಶಿಕ್ಷಣ ವಿಜ್ಞಾನಗಳ ನಿಕಾಯವಾಯಿತು. ಬ್ಯೂರೊ 1969ರಲ್ಲಿ ಯುನೆಸ್ಕೊಗೆ ಸೇರಿತು. ಪ್ಲೇನ್‌ಪಲೇ ಬಡಾವಣೆಯ ಗಾಜಿನ ಚಾವಣಿಯ ವಿಶ್ವವಿದ್ಯಾಲಯ ಕಟ್ಟಡದಲ್ಲಿ ಸಾವಿರಾರು ತರುಣ ತರುಣಿಯರು ಕಾಫಿ ಹಿಡಿದು ಓಡಾಡುವುದನ್ನು ಕಂಡಾಗ, ಇದನ್ನು ಸೋಲು ಎನ್ನಲು ನನಗೆ ಮನಸ್ಸು ಬರಲಿಲ್ಲ. ಒಳಗೆ ಹೋದದ್ದರಿಂದಲೇ ಉಳಿಯಿತು. ಆದರೆ ಲೆವ್, ಪಿ ಎಂಬ ಇಬ್ಬರು ಮಕ್ಕಳ ಮೇಲೆ ಮಾತ್ರ ನಿಂತ ಸಂಶೋಧನೆಗೆ ಇವತ್ತು ಯಾವ ವಿಭಾಗದ ಸಮಿತಿ ಅನುದಾನ ಕೊಟ್ಟೀತು ಎಂಬ ಅನುಮಾನ ಮಾತ್ರ ಹೋಗಲಿಲ್ಲ.

ಆ ಸಂಸ್ಥೆಯಿಂದ ಹೊರಟವರಲ್ಲಿ ಇನ್ನಿಬ್ಬರು ಹೆಂಗಸರು ನೆನಪಾಗುತ್ತಾರೆ. ಪಿಯಾಜೆಯ ಜೊತೆಗೂಡಿ ಮಕ್ಕಳ ಸಂಖ್ಯಾಜ್ಞಾನದ ಕುರಿತು 1941ರಲ್ಲಿ ಪುಸ್ತಕ ತಂದ ಅಲೀನಾ ಶೆಮಿನ್ಸ್ಕಾ, ಆ ಹೊತ್ತಿಗೆ ಪೋಲೆಂಡಿನಲ್ಲಿದ್ದಳು. ನಾಜಿಗಳು ಅವಳನ್ನು ಔಷ್‌ವಿಟ್ಸ್‌ಗೆ ಸಾಗಿಸಿದರು. ಬದುಕಿ ಬಂದಳು, ಮತ್ತೆ ಮಕ್ಕಳ ಗಣಿತಕ್ಕೇ ಮರಳಿದಳು. ಇನ್ನೊಬ್ಬಳು ರಷ್ಯಾದ ಹೆಲೆನಾ ಅಂತಿಪೋಫ್, ತಾಕೊನ್ರಿ ಚೌಕದ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬಳು, ಮುಂದೆ ಕ್ಲಪರೇದ್‌ನ ಸಹಾಯಕಿ. 1929ರಲ್ಲಿ ಶಿಕ್ಷಕಿಯರಿಗೆ ಕಲಿಸಲೆಂದು ಬ್ರೆಜಿಲ್‌ನ ಬೆಲೊ ಹೊರಿಝೊಂಚಿಗೆ ಹೋದಳು. ಸಾಮಾನ್ಯ ಶಾಲೆಗಳು ಬೇಡವೆಂದು ತಳ್ಳಿದ ಮಕ್ಕಳನ್ನು ಅಲ್ಲಿ ಕಂಡಳು, 1932ರಲ್ಲಿ ಅವರಿಗಾಗಿ ಪೆಸ್ಟಲೋಟ್ಸಿ ಹೆಸರಿನ ಸಂಘ ಕಟ್ಟಿದಳು. ಆಮೇಲೆ ಸಂಘದವರು ಇಬಿರಿತೆ ಎಂಬಲ್ಲಿ ಒಂದು ತೋಟ ಕೊಂಡು ಅಂಥ ಮಕ್ಕಳನ್ನು ತಂದಿರಿಸಿಕೊಂಡರು. ಸುತ್ತಲ ಹಳ್ಳಿಗಳ ಶಾಲೆಗಳಿಗೆ ಬೇಕಾದ ಶಿಕ್ಷಕಿಯರೂ ಅದೇ ತೋಟಕ್ಕೆ ಬಂದು ಕಲಿಯತೊಡಗಿದರು. ಫಝೆಂದಾ ದೊ ರೊಸಾರಿಯೊ ಎಂದು ಆ ತೋಟದ ಹೆಸರು. 1974ರಲ್ಲಿ ತೀರಿಕೊಳ್ಳುವವರೆಗೂ ಅವಳ ಬದುಕು ಬ್ರೆಜಿಲ್‌ನಲ್ಲೇ ಕಳೆಯಿತು. ಜಿನೀವಾದಿಂದ ಹೊರಡುವ ಹೊತ್ತಿಗೆ, ಮುಂದಿನ ಪ್ರವಾಸ ಎಲ್ಲಿಗೆ ಎಂಬುದು ನನಗೆ ಗೊತ್ತಾಗಿತ್ತು. ಅಷ್ಟು ದೂರದ ಟಿಕೆಟ್ಟಿಗೆ ದುಡ್ಡು ಹೊಂದಿಸುವುದೊಂದೇ ಬಾಕಿ.